ಲೆಕ್ಕ ಸರಿ, ಸಹಿ ಯಾರದ್ದು?

ಪ್ರಾಬಬಿಲಿಟಿ ಪೇಪರ್‌ನಲ್ಲಿ ನಾವೆಲ್ಲ ಸೂತ್ರ ಹಾಕಿ ಮಾರ್ಕ್ಸ್ ತಗೊಂಡವರೇ. ಅದೇ ಲೆಕ್ಕ ಆಗತಾನೇ ಹುಟ್ಟಿದ ಮಗುವಿನ ಮೈಮೇಲೆ ಬಂದ್ರೆ?

ಅಮೆರಿಕದಲ್ಲಿ ಧರ್ಮದ ಕಾರಣ ಇಲ್ಲದಿದ್ದರೂ ಗಂಡುಮಗುವಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಸುನ್ನತಿ ಮಾಡಿಸೋದು ಬಹಳ ಕಾಲದ ವಾಡಿಕೆ. ನಾವು ಮಾತಾಡ್ತಿರೋದು ಈ ವೈದ್ಯಕೀಯ ವಾಡಿಕೆ ಬಗ್ಗೆ ಮಾತ್ರ. ಮುಸ್ಲಿಮರ, ಯಹೂದಿಗಳ ಧಾರ್ಮಿಕ ವಿಧಿಯ ಚರ್ಚೆ ಬೇರೆ.

ಸುನ್ನತಿಯ ಪರ ಇರುವ ಅಂಕಿ ಸುಳ್ಳಲ್ಲ. ಮೊದಲ ವರ್ಷದಲ್ಲಿ ಮೂತ್ರನಾಳದ ಸೋಂಕು ಸುನ್ನತಿ ಆಗದ 1000 ಗಂಡುಮಕ್ಕಳಲ್ಲಿ 7ರಿಂದ 14 ಜನಕ್ಕೆ ಬಂದರೆ, ಆದವರಲ್ಲಿ 1 ಅಥವಾ 2 ಜನಕ್ಕೆ ಬರುತ್ತೆ. ಕೇಳೋಕೆ ದೊಡ್ಡ ಇಳಿಕೆ. ತಿರುಗಿಸಿ ನೋಡಿ: ಒಂದು ಸೋಂಕು ತಪ್ಪಿಸೋಕೆ ಸುಮಾರು 100 ಮಕ್ಕಳಿಗೆ ಕತ್ತರಿ ಹಾಕಬೇಕು. ಆಪರೇಷನ್‌ನಿಂದ ತೊಂದರೆ ಆಗೋದು ಸುಮಾರು 500ಕ್ಕೆ ಒಂದು, ಅದೂ ಹೆಚ್ಚಾಗಿ ಸಣ್ಣದು. ಹಾಗಾದ್ರೆ ಲಾಭವೇ ಜಾಸ್ತಿ ಅಲ್ವಾ? ಅಲ್ಲೇ ನಾವು ಎಡವೋದು. ಸೋಂಕು ಸಾಮಾನ್ಯವಾಗಿ ಆಂಟಿಬಯಾಟಿಕ್‌ಗೆ ವಾಸಿಯಾಗುತ್ತೆ, ತೆಗೆದ ಮುಂದೊಗಲು ಮತ್ತೆ ಬರಲ್ಲ. ಯೂನಿಟ್ ಬೇರೆ ಬೇರೆ ಇರೋದನ್ನ ಕೂಡಿಸಿ ಕಳೆದರೆ ನಮ್ಮ ಲ್ಯಾಬ್‌ನಲ್ಲೂ ಸೊನ್ನೆ ಕೊಡ್ತಾರೆ.

ಇನ್ನು ಎಚ್‌ಐವಿ. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾಗಳ ಪ್ರಯೋಗಗಳಲ್ಲಿ ಹೆಣ್ಣಿನಿಂದ ಗಂಡಿಗೆ ಸೋಂಕು ತಗಲೋದು ಸುಮಾರು ಶೇ. 60ರಷ್ಟು ಇಳೀತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಎಚ್‌ಐವಿ ವ್ಯಾಪಕವಾಗಿರೋ ಕಡೆ ಇದನ್ನು ಶಿಫಾರಸು ಮಾಡ್ತು. ಆದರೆ ಆ ಪ್ರಯೋಗಕ್ಕೆ ಒಳಗಾದವರು ಬಹುತೇಕ ತಾವೇ ಒಪ್ಪಿ ಬಂದ ವಯಸ್ಕರು, ತೊಟ್ಟಿಲಲ್ಲಿದ್ದ ಕೂಸುಗಳಲ್ಲ.

ಅದಕ್ಕೇ ಹೆಚ್ಚುಕಡಿಮೆ ಒಂದೇ ಮಾಹಿತಿ ಓದಿದ ವೈದ್ಯರೂ ಬೇರೆ ಬೇರೆ ಕಡೆ ನಿಂತಿದ್ದಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ, ಲಾಭ ಅಪಾಯಕ್ಕಿಂತ ಹೆಚ್ಚು, ಆದ್ರೂ ಎಲ್ಲ ಮಕ್ಕಳಿಗೂ ಮಾಡಿ ಅನ್ನುವಷ್ಟಲ್ಲ, ತಂದೆತಾಯಿ ನಿರ್ಧರಿಸಲಿ ಅಂತು. ಕೆನಡಾದ ಮಕ್ಕಳ ವೈದ್ಯರ ಸಂಘ 2015ರಲ್ಲಿ, ಎಲ್ಲರಿಗೂ ವಾಡಿಕೆಯಾಗಿ ಮಾಡೋದನ್ನ ಶಿಫಾರಸು ಮಾಡಲ್ಲ ಅಂತು. ನೆದರ್‌ಲ್ಯಾಂಡ್ಸ್‌ನ ವೈದ್ಯರ ಸಂಘ 2010ರಲ್ಲೇ ವಿರೋಧಿಸಿತ್ತು. ಮಗುವಿನ ದೇಹದ ಮೇಲೆ ಹಕ್ಕು ಮಗುವಿನದ್ದೇ ಅನ್ನೋದು ಅವರ ವಾದ.

ನಾವು ಡಾಕ್ಟರುಗಳಲ್ಲ. ಆದ್ರೂ ನಮಗೆ ಅನ್ಸೋದು ಇಷ್ಟು: ಲಾಭದ ದೊಡ್ಡ ಪಾಲು ದೊಡ್ಡವನಾದ ಮೇಲೇ ಸಿಗೋದಾದ್ರೆ, ನಿರ್ಧಾರವೂ ಅವನು ದೊಡ್ಡವನಾಗೋವರೆಗೆ ಕಾಯಬಹುದು. ಚಿಕಿತ್ಸೆಗೆ ಬೇಕೇ ಬೇಕು ಅಂದಾಗ ಮಾತು ಬೇರೆ. ಎಂ.ಎಸ್. ಮಾಡೋಕೆ ಹೋಗಿ ಅಲ್ಲೇ ಸಂಸಾರ ಹೂಡುವವರು ನಮ್ಮಲ್ಲೂ ಇರ್ತಾರೆ. ನಾಳೆ ಹೆರಿಗೆ ವಾರ್ಡ್‌ನಲ್ಲಿ ಒಪ್ಪಿಗೆ ಪತ್ರ ಮುಂದಿಟ್ಟರೆ, ಸಹಿಗೆ ಮೊದಲು ಎರಡು ಪ್ರಶ್ನೆ ಕೇಳಿ: ನೂರಕ್ಕೆ ಎಷ್ಟು? ಈಗಲೇ ಯಾಕೆ?