ತರುಣರ ಚಿತ್ರ: ಯಾವ ಸ್ಥಳ, ಯಾವ ಬೆಳಕು?

ನಮ್ಮ ಶಾಲೆಯಲ್ಲಿ ಕಲಿತು ಈಗ ಕಾಲೇಜಿನಲ್ಲಿ ಓದುತ್ತಿರುವ ಐವರು ವಿದ್ಯಾರ್ಥಿಗಳು ಸುವರ್ಣ ಮಹೋತ್ಸವದ ನಿಮಿತ್ತ ಸೊಲ್ಲಾಪುರದ ಯುವಜನರನ್ನು ಕುರಿತು ಕಿರುಚಿತ್ರವೊಂದನ್ನು ಸಿದ್ಧಪಡಿಸಲು ಹೊರಟಿದ್ದಾರೆ. ಬರುವ ಬೇಸಿಗೆ ರಜೆಯಲ್ಲಿ ಚಿತ್ರೀಕರಣ. ತಾವು ಆರಿಸಿದ ಸ್ಥಳಗಳ ಯಾದಿಯನ್ನು ನನಗೂ ತೋರಿಸಿದರು: ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆ, ಒಂದು ಮಾಲ್, ಒಂದು ಕಾಫಿ ಅಂಗಡಿ. ನಮ್ಮ ಊರಿನದೆಂದರೆ ಸಿದ್ಧೇಶ್ವರ ಕೆರೆಯ ಸೂರ್ಯಾಸ್ತವೊಂದೇ. ಕಾರಣ ಕೇಳಿದರೆ, “ಸರ, ನಮ್ಮ ಓಣ್ಯಾಗ ತೋರಸೂವಂಥಾದ್ದು ಏನ್ ಐತ್ರಿ?” ಎಂದರು. ಹುಡುಗರನ್ನು ದೂಷಿಸಲಾರೆ. ಯಂತ್ರಮಗ್ಗದ ಓಣಿಯನ್ನು ತೋರಿಸಿದರೆ ನಮ್ಮ ಬಡತನ ಬಯಲಾದೀತೆಂದು ಹಿರಿಯರಲ್ಲಿಯೇ ಕೆಲವರು ಆಕ್ಷೇಪಿಸಿದ್ದಾರೆ. ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ.

ನಮ್ಮ ತರುಣನು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಕೆಲವೊಮ್ಮೆ ಗೆಳೆಯರೊಡನೆ ಹಿಂದಿ, ನೆರೆಯ ಪದ್ಮಶಾಲಿ ಮನೆಯವರೊಡನೆ ನಾಲ್ಕು ಮಾತು ತೆಲುಗು ಆಡುತ್ತಾನೆ. ಭಾಷೆ ಬದಲಾಗುವುದು ಹೊಸ್ತಿಲಿನಲ್ಲಿ. ಒಳಗಿನಿಂದ ತಾಯಿ ಕನ್ನಡದಲ್ಲಿ ಕರೆಯುತ್ತಿರುವಾಗ ಮಗನು ಕಟ್ಟೆಯ ಮೇಲೆ ಕುಳಿತ ಗೆಳೆಯನಿಗೆ ಮರಾಠಿಯಲ್ಲಿ ಉತ್ತರಿಸುವ ದೃಶ್ಯ ಪುಣೆಯ ಮಾಲಿನಲ್ಲಿ ದೊರೆಯುವುದೇ? ಇಂದಿಗೂ ಆ ತಾಯಿಗೆ ಕನ್ನಡದಲ್ಲಿಯೇ ‘ಬಂದೆ’ ಎನ್ನುವ ಮಕ್ಕಳು ಎಷ್ಟು ಮನೆಗಳಲ್ಲಿದ್ದಾರೆಂಬುದನ್ನು ವಾಚಕರೇ ಬಲ್ಲರು. ಹಾಗಾಗಿ ಹೊಸ್ತಿಲೇ ಈ ಚಿತ್ರದ ಮುಖ್ಯ ಸ್ಥಳವಾಗಬೇಕು.

ಹೊಸ್ತಿಲಿನಲ್ಲಿ ಒಂದು ತೊಡಕುಂಟು. ಹೊರಗೆ ಬಿಸಿಲು, ಒಳಗೆ ಕತ್ತಲೆ. ಕ್ಯಾಮೆರಾ ಎರಡನ್ನೂ ಏಕಕಾಲಕ್ಕೆ ಹಿಡಿಯಲಾರದು. ಬಾಡಿಗೆಯ ದೀಪಗಳಿಗೆ ಹುಡುಗರು ಹಣ ಸುರಿಯಬೇಕಾಗಿಲ್ಲ. 1956ರ ‘ಅಪರಾಜಿತೋ’ ಚಿತ್ರದಲ್ಲಿ ಸುಬ್ರತ ಮಿತ್ರರು ಸ್ಟುಡಿಯೋದೊಳಗೆ ಕಟ್ಟಿದ ಕಾಶಿಯ ಮನೆಗೆ ಬಿಳಿಯ ಬಟ್ಟೆಯ ನೆರವಿನಿಂದ ಅಂಗಳದ ಮೃದುವಾದ ಬೆಳಕನ್ನು ತಂದರು. ನಮ್ಮ ಮೈಸೂರಿನ ವಿ. ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಸ್ಟುಡಿಯೋದೊಳಕ್ಕೆ ತಿರುಗಿಸಿದರು. ಹಾಸಿಗೆಯ ಬಿಳಿ ಚಾದರ, ಕಪಾಟಿನ ಕನ್ನಡಿ ಯಾರ ಮನೆಯಲ್ಲಿಲ್ಲ?

ಆದರೆ ಸ್ಥಳವನ್ನು ಚಿತ್ರೀಕರಿಸುವ ಹೊತ್ತಿನಲ್ಲಿಯೇ ಹೋಗಿ ನೋಡಬೇಕು. ಮೇ ತಿಂಗಳ ನಡುಹಗಲಿನಲ್ಲಿ ಸೊಲ್ಲಾಪುರದ ಸೂರ್ಯನು ನೆತ್ತಿಯ ಮೇಲೆಯೇ ಇರುತ್ತಾನೆ; ಹುಬ್ಬಿನ ನೆರಳಿನಲ್ಲಿ ಕಣ್ಣುಗಳು ಮುಳುಗಿಹೋಗುತ್ತವೆ. ಸಂಜೆ ಐದೂವರೆಯ ತರುವಾಯ, ಎದುರಿಗೆ ಎತ್ತರದ ಕಟ್ಟಡವಿಲ್ಲದ ಪಡುವಣ ಬಾಗಿಲಿನ ಮನೆಯಾದರೆ, ಬಿಸಿಲು ತಾನಾಗಿಯೇ ಪಡಸಾಲೆಯೊಳಗೆ ಬರುತ್ತದೆ.

ಇನ್ನು ಮಗ್ಗದ ಖೋಲಿ. ಅಲ್ಲಿ ಬಣ್ಣದ ದೀಪ ಕಟ್ಟುವ ಯೋಚನೆಯನ್ನು ಕೈಬಿಡಲಿ. ತಂದೆ ದುಡಿದದ್ದು ಟ್ಯೂಬ್‌ಲೈಟಿನ ಕೆಳಗೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಸೆಕೆಂಡಿಗೆ 25 ಚೌಕಟ್ಟು, ಶಟರು 1/50 ಎಂದಿಟ್ಟುಕೊಂಡರೆ ಚಿತ್ರ ಮಿಣುಕದು. ಮಗ್ಗದ ಸದ್ದಿನಲ್ಲಿ ಸಂಭಾಷಣೆ ಕೇಳಿಸದೆಂಬುದು ಹುಡುಗರ ಅಳಲು. ಅಲ್ಲಿ ಸಂಭಾಷಣೆ ಏಕೆ ಬೇಕು? ಮಗ್ಗದವರು ಸನ್ನೆಯಿಂದಲೇ ಮಾತನಾಡುವುದನ್ನು ಬಾಲ್ಯದಿಂದಲೂ ಕಂಡವರಲ್ಲವೇ ಇವರು!

ಪಡುವಣ ಬಾಗಿಲಿನ ಮನೆಯುಳ್ಳ ಹಳೆಯ ವಿದ್ಯಾರ್ಥಿ ಬಂಧುಗಳು ಎರಡು ಸಂಜೆ ಈ ಹುಡುಗರಿಗೆ ಮನೆ ತೆರೆದುಕೊಡಬೇಕೆಂದು ಕೋರುತ್ತೇನೆ. ಕ್ಯಾಮೆರಾ ಬರುವುದೆಂದು ಯಾರೂ ಗೋಡೆಗೆ ಹೊಸದಾಗಿ ಸುಣ್ಣ ಬಳಿಸಬಾರದಾಗಿ ವಿನಂತಿ.