ಪುಷ್ಪಕಕ್ಕೆ ಗುಟ್ಟಿನ ಗೂಡು ಬೇಡ

ಸಂಡೂರು ಸೀಮೆಯ ಯಶವಂತನಗರದಿಂದ ತೆಂಕಣಕ್ಕೆ ಕೂಡ್ಲಿಗಿ ದಾಟಿ ಸಾಗಿದರೆ ಚಳ್ಳಕೆರೆಯ ಬಯಲು. ಕುರಿ, ಕಂಬಳಿ, ಶೇಂಗಾ ಎಣ್ಣೆಯ ನಾಡು. 2024ರ ಜೂನ್ 23ರ ಬೆಳಿಗ್ಗೆ ಅಲ್ಲಿ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ರೆಕ್ಕೆಯ ವಾಹನವೊಂದನ್ನು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಒಳಗೆ ಪೈಲಟ್ ಇಲ್ಲ. 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ದರೂ ಅದು ತಾನೇ ದಾರಿ ತಿದ್ದಿಕೊಂಡಿತು. ಗಂಟೆಗೆ 320 ಕಿ.ಮೀ.ಗೂ ಮಿಕ್ಕ ವೇಗದಲ್ಲಿ ರನ್‌ವೇ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ ವೇಗ ತಗ್ಗಿಸಿಕೊಂಡು ನಿಂತಿತು. ಇಸ್ರೋದ ‘ಪುಷ್ಪಕ’ದ ಮೂರನೆಯ ಇಳಿಕೆ ಪರೀಕ್ಷೆ ಅದು.

ಎತ್ತರವೆಷ್ಟು, ವೇಗವೆಷ್ಟು ಎಂಬುದನ್ನೆಲ್ಲ ಇಸ್ರೋ ಅಂದೇ ಪ್ರಕಟಿಸಿತು. ಸಣ್ಣ ಸಂಗತಿಯಲ್ಲ ಇದು.

ಇದೇ ಜಾತಿಯ ಅಮೆರಿಕದ ಎಕ್ಸ್-37ಬಿ 2010ರಿಂದ ಕಕ್ಷೆಗೆ ಹೋಗಿ ಬರುತ್ತಿದೆ. ಆರನೆಯ ಯಾನದಲ್ಲಿ ಅದು 908 ದಿನ ಮೇಲೆಯೇ ಇತ್ತು. ಅದರ ಮೂಲ ಯೋಜನೆ ನಾಸಾದ್ದು. 2004ರಲ್ಲಿ ರಕ್ಷಣಾ ಇಲಾಖೆಯ ಕೈಸೇರಿತು. ಕುಬೇರನ ಪುಷ್ಪಕವೂ ಹೀಗೆಯೇ ರಾವಣನ ಪಾಲಾದ ಕಥೆಯನ್ನು ಹಂಪಿ–ಆನೆಗೊಂದಿಯ ಸುತ್ತಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2023ರ ಡಿಸೆಂಬರ್ 28ರಂದು ಎಕ್ಸ್-37ಬಿ ಏಳನೆಯ ಯಾನ ಹೊರಟಾಗ ಅಮೆರಿಕ ಕಕ್ಷೆಯ ವಿವರವನ್ನೇ ಬಿಟ್ಟುಕೊಡಲಿಲ್ಲ. ಎರಡು ತಿಂಗಳೊಳಗೆ ಹವ್ಯಾಸಿ ಆಕಾಶವೀಕ್ಷಕರು ಅದನ್ನು ಪತ್ತೆಹಚ್ಚಿದರು! ಚೀನಾದ ಇಂಥದೇ ವಾಹನ 2020ರಲ್ಲಿ ಎರಡು ದಿನ, ಮುಂದಿನ ಸಲ 276 ದಿನ ಸುತ್ತಿತು. ಒಳಗೇನಿತ್ತು ಎಂದು ಕೇಳಿದರೆ ಅಲ್ಲೂ ಮೌನವೇ.

1967ರ ಬಾಹ್ಯಾಕಾಶ ಒಪ್ಪಂದ ಕಕ್ಷೆಯಲ್ಲಿ ಅಣ್ವಸ್ತ್ರ ಇಡುವುದನ್ನು ತಡೆಯುತ್ತದೆ, ಬೇಹುಗಾರಿಕೆಯನ್ನಲ್ಲ. ಗುಟ್ಟಾಗಿ ಸುತ್ತುವ ವಾಹನ ಪಕ್ಕದ ದೇಶದ ಉಪಗ್ರಹದ ಬಳಿ ಸುಳಿದರೆ ಅದು ಪ್ರಯೋಗವೋ ಬೆದರಿಕೆಯೋ ಎಂದು ತೀರ್ಮಾನಿಸುವವರು ಯಾರು? ಒಬ್ಬರ ಗುಟ್ಟು ಇನ್ನೊಬ್ಬರ ಗುಟ್ಟನ್ನು ಹೆರುತ್ತದೆ.

ಪುಷ್ಪಕದ ಮುಂದಿನ ಹಂತ, ಕಕ್ಷೆಗೇ ಹೋಗಿ ಮರಳುವ ದೊಡ್ಡ ವಾಹನ. ಅದು ಹೊರಡುವ ಹೊತ್ತಿಗೆ ಭದ್ರತೆಯ ಹೆಸರಿನಲ್ಲಿ ಬಾಗಿಲು ಮುಚ್ಚುವ ಆಸೆ ಹುಟ್ಟದೆ ಇರದು. ಸೇನೆಗೂ ಬೇಹು ಬೇಕು, ಒಪ್ಪೋಣ. ಅದಕ್ಕೆಂದೇ ಬೇರೆ ಉಪಗ್ರಹಗಳಿವೆ. ಚಳ್ಳಕೆರೆಯವರಿಗಂತೂ ಕೇಳುವ ಹಕ್ಕಿದೆ. ಪುಷ್ಪಕ ಇಳಿದ ಡಿಆರ್‌ಡಿಒ ರನ್‌ವೇ ಎದ್ದದ್ದು ಅಮೃತಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ. ಬೇಲಿ ಬಿದ್ದಾಗ ಕುರಿ ಮೇಯಿಸುವವರು ಪ್ರತಿಭಟಿಸಿದ್ದರು, ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು.

ಕಕ್ಷೆ ಯಾವುದು, ಎಷ್ಟು ದಿನ, ಹೊತ್ತದ್ದೇನು: ಈ ಮೂರನ್ನು ಇಸ್ರೋ ಹಾರಾಟಕ್ಕೆ ಮೊದಲೇ ಪ್ರಕಟಿಸಲಿ. ಹಾಗೆಂದು ಸಂಸತ್ತಿನಲ್ಲಿ ಕೇಳುವ ಕೆಲಸವನ್ನು ಬಳ್ಳಾರಿ, ಚಿತ್ರದುರ್ಗದ ಸಂಸದರು ಈಗಲೇ ಶುರುಮಾಡಲಿ.