ಹಿಂದಿರುಗಲು ನಾಚುವವರಿಗೆ

"ಮೋಡದ ಕೆಳಗೆ ಹೇಗಾದರೂ ತೂರಿಕೊಂಡು ಹೋಗಿಬಿಡೋಣ" ಎಂದು ಹೊರಡುವ ಪೈಲಟ್‌ಗಳೇ, ಇದನ್ನು ಧೈರ್ಯ ಎಂದು ಕರೆದುಕೊಳ್ಳುವುದನ್ನು ಮೊದಲು ಬಿಡಿ. ಹತ್ತು ಸಲ ಪಾರಾಗಿದ್ದೀರಿ, ನಿಜ. ಆ ಹತ್ತು ಸಲವೂ ಮೋಡದ ತಳ ಗುಡ್ಡದ ನೆತ್ತಿಗಿಂತ ಒಂದಷ್ಟು ಮೇಲಿತ್ತು, ಅಷ್ಟೇ. ಹನ್ನೊಂದನೆಯ ದಿನದ ಮೋಡಕ್ಕೆ ನಿಮ್ಮ ಹಳೆಯ ಲೆಕ್ಕ ಗೊತ್ತಿರುವುದಿಲ್ಲ.

100 ನಾಟ್ ವೇಗದ ಪುಟ್ಟ ವಿಮಾನ ಸೆಕೆಂಡಿಗೆ 50 ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಎದುರಿಗೆ ಒಂದು ಕಿಲೋಮೀಟರ್ ಮಾತ್ರ ಕಾಣುತ್ತಿದ್ದರೆ, ಮಬ್ಬಿನಿಂದ ಮೂಡಿದ ಗುಡ್ಡ ಮೂಗಿಗೆ ಬಡಿಯಲು 20 ಸೆಕೆಂಡೂ ಬೇಡ. ರೆಕ್ಕೆಯನ್ನು 30 ಡಿಗ್ರಿ ವಾಲಿಸಿ ಬಂದ ದಾರಿಗೇ ತಿರುಗಬೇಕೆಂದರೆ ಸುಮಾರು 930 ಮೀಟರ್ ಅಗಲ ಬೇಕು. ಕಣಿವೆ ಅಷ್ಟು ಅಗಲವಿದೆಯೇ ಎಂದು ಒಳಗೆ ನುಗ್ಗಿದ ಮೇಲೆ ಯೋಚಿಸುತ್ತೀರಾ? ನೆಲಕ್ಕೆ ಅಂಟಿಕೊಂಡು ಹಾರುವವರಿಗೆ ವಿದ್ಯುತ್ ತಂತಿಗಳ ಕಾಟ ಬೇರೆ. ಅವು ಒಳ್ಳೆಯ ಬಿಸಿಲಿನಲ್ಲೇ ಕಣ್ಣಿಗೆ ಬೀಳುವುದಿಲ್ಲ.

ದಿಗಂತ ಮರೆಯಾದರೆ ಕೈಪಳಗಿದ ಅನುಭವ ಕಾಪಾಡುತ್ತದೆ ಎಂದು ನಂಬಿದ್ದೀರಿ. ನಿಮ್ಮ ಒಳಕಿವಿಗೆ ಆ ಅನುಭವ ತಲುಪಿಲ್ಲ. ವಿಮಾನ ನಿಧಾನವಾಗಿ ವಾಲಿ ತಿರುಗುತ್ತಲೇ ಇದ್ದರೆ, ಕಿವಿಯೊಳಗಿನ ದ್ರವ ಸ್ವಲ್ಪ ಹೊತ್ತಿನಲ್ಲೇ ಅದಕ್ಕೆ ಒಗ್ಗಿಕೊಂಡು ನೇರವಾಗಿ ಹೋಗುತ್ತಿದ್ದೇವೆ ಎನ್ನುತ್ತದೆ. ಎತ್ತರ ಇಳಿಯುತ್ತಿರುವುದು ಕಂಡು ಪೈಲಟ್ ನಿಯಂತ್ರಣದ ಕೋಲನ್ನು ಎಳೆಯುತ್ತಾನೆ, ಸುತ್ತು ಇನ್ನಷ್ಟು ಬಿಗಿಯಾಗುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು, ಉಪಕರಣ ನೋಡಿ ಹಾರಿಸುವ ತರಬೇತಿ ಇಲ್ಲದ 20 ಜನರನ್ನು ಪರೀಕ್ಷಿಸಿದರು. ಇಪ್ಪತ್ತು ಜನರೂ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡಿನಲ್ಲಿ. ಈ ಸಂಖ್ಯೆ ಎಲ್ಲರ ಬಾಯಲ್ಲೂ ಇದೆ. ಅದೇ ಅಧ್ಯಯನದ ಮುಖ್ಯ ಭಾಗವನ್ನು ಮಾತ್ರ ಯಾರೂ ಹೇಳುವುದಿಲ್ಲ: ಆಮೇಲೆ ಅವರಿಗೆ ನಿಧಾನವಾಗಿ ಹಿಂದಿರುಗುವ ತಿರುವನ್ನು ಕಲಿಸಲಾಯಿತು, ಹೆಚ್ಚುಕಡಿಮೆ ಪ್ರತಿ ಸಲವೂ ಅವರು ಅದನ್ನು ಸರಿಯಾಗಿ ಮಾಡಿದರು. ಕಲಿಯಬೇಕಾದ ವಿದ್ಯೆ ಅದು. ನೀವು ಅಭ್ಯಾಸ ಮಾಡುತ್ತಿರುವುದು ತೂರುವುದನ್ನು.

ತರಬೇತಿ ಇದ್ದವರೂ ಸುರಕ್ಷಿತರಲ್ಲ. 2020ರ ಜನವರಿ 26ರಂದು ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಾಂಟ್ ಇದ್ದ ಹೆಲಿಕಾಪ್ಟರ್ ಲಾಸ್ ಏಂಜಲೀಸ್ ಬಳಿಯ ಕ್ಯಾಲಬಾಸಸ್ ಗುಡ್ಡಕ್ಕೆ ಬಡಿದು ಒಂಬತ್ತು ಜನ ಸತ್ತರು. ಅನುಭವಿ ಪೈಲಟ್. ಮೋಡ ದಾಟಿ 4,000 ಅಡಿಗೆ ಏರುತ್ತಿದ್ದೇನೆ ಎಂದು ನಿಯಂತ್ರಕರಿಗೆ ಆತ ಹೇಳುತ್ತಿದ್ದಾಗ ಹೆಲಿಕಾಪ್ಟರ್ ಎಡಕ್ಕೆ ತಿರುಗುತ್ತಾ ಇಳಿಯುತ್ತಿತ್ತು. ಆತ ಸುಳ್ಳು ಹೇಳಲಿಲ್ಲ, ಅವನ ದೇಹ ಅವನಿಗೆ ಸುಳ್ಳು ಹೇಳಿತ್ತು. ಸ್ವಲ್ಪ ಹೊತ್ತಿನ ಹಿಂದಷ್ಟೇ ವ್ಯಾನ್ ನೈಸ್ ವಿಮಾನ ನಿಲ್ದಾಣದ ಪಕ್ಕದಲ್ಲೇ ಹಾದು ಬಂದಿದ್ದರು. ಹೋಗಲೇಬೇಕೆಂದು ಯಾರಾದರೂ ಒತ್ತಾಯಿಸಿದ್ದರೇ ಎಂದು ತನಿಖಾ ಮಂಡಳಿ ಹುಡುಕಿತು, ಪುರಾವೆ ಸಿಗಲಿಲ್ಲ. ಒತ್ತಡ ಆತ ತಾನಾಗಿಯೇ ಹೊತ್ತುಕೊಂಡದ್ದು.

ಹಾಗಿದ್ದರೂ ಪ್ರಯಾಣಿಕರನ್ನು ಸುಮ್ಮನೆ ಬಿಡಲಾರೆ. ಕೇದಾರನಾಥಕ್ಕೆ ನಮ್ಮ ಊರುಗಳಿಂದಲೂ ಜನ ಹೋಗುತ್ತಾರೆ. ಟಿಕೆಟ್ ಕೈಯಲ್ಲಿದೆ, ರಜೆ ಮುಗಿಯುತ್ತಿದೆ, "ಪಕ್ಕದವರ ಹೆಲಿಕಾಪ್ಟರ್ ಹೋಯಿತಲ್ಲಾ, ನಮ್ಮದೇಕೆ ನಿಂತಿದೆ" ಎಂದು ಹೆಲಿಪ್ಯಾಡಿನಲ್ಲಿ ದನಿ ಎತ್ತುವ ಅಣ್ಣಂದಿರೇ, ಅಮ್ಮಂದಿರೇ, ನೀವು ಜಗಳವಾಡುತ್ತಿರುವುದು ಮಂದಾಕಿನಿ ಕಣಿವೆಯ ಮಂಜಿನ ಜೊತೆ. ಅಲ್ಲಿ ಹಾರಾಟವೆಲ್ಲ ಕಣ್ಣಳತೆಯಲ್ಲೇ, ದೇವಸ್ಥಾನವಿರುವುದು 3,500 ಮೀಟರಿಗೂ ಮೇಲೆ, ಎರಡೂ ಕಡೆ ಬಂಡೆಯ ಗೋಡೆ. 2022ರ ಅಕ್ಟೋಬರ್ 18ರಂದು ಗರುಡಚಟ್ಟಿಯಲ್ಲಿ ಹೆಲಿಕಾಪ್ಟರ್ ಅಪ್ಪಳಿಸಿ ಸತ್ತವರು ಏಳು ಜನ. ಪಾಠ ಕಲಿತೆವೇ? 2025ರ ಜೂನ್ 15ರ ಬೆಳಗಿನ ಜಾವ, ಗೌರಿಕುಂಡದ ಬಳಿ, ಮತ್ತೆ ಮಬ್ಬಿನಲ್ಲಿ, ಮತ್ತೆ ಏಳು ಜನ. ಅವರಲ್ಲೊಂದು ಪುಟ್ಟ ಮಗು. ಆ ಮಗುವಿಗೆ ಎಲ್ಲಿಗೂ ಅವಸರವಿರಲಿಲ್ಲ.